ಅಪ್ಪಾ, ಸೇತುವೆ ಬಂತು

ಅಗ್ಗದ ಟಿಕೆಟ್ಟು ಹುಡುಕುವುದರಲ್ಲಿ ನನ್ನ ಅಣ್ಣ ತಿಯೆನ್‌ಫುವನ್ನು ಮೀರಿಸಿದವರಿಲ್ಲ. ಸುರಬಾಯದಿಂದ ಅಪ್ಪನನ್ನು ಊರಿಗೆ ಕರೆತರಲು ಅವನು ಹುಡುಕಿದ ಟಿಕೆಟ್ಟು ನಮ್ಮನ್ನು ಬೆಳ್ಳಂಬೆಳಗ್ಗೆ ಹಾಂಗ್‌ಕಾಂಗಿನ ವಿಮಾನ ನಿಲ್ದಾಣದಲ್ಲಿ ತಂದು ಚೆಲ್ಲಿತು. ನಮ್ಮೂರಿಗೆ ಹತ್ತಿರದ ತೈಚುಂಗಿಗೆ ಹೋಗುವ ವಿಮಾನ ಸಂಜೆ ಕಳೆದ ಮೇಲೆ. ನಡುವಿನ ಇಡೀ ಹಗಲು ಏನು ಮಾಡುವುದು ಎಂದು ಕೇಳಿದರೆ, ಕೂತಿದ್ದರೆ ಹೊತ್ತು ತಾನಾಗಿ ಹೋಗುತ್ತದೆ ಎಂದ. ಹೊತ್ತು ಹೋಗುತ್ತದೆ, ನಿಜ. ಅದರ ಜೊತೆ ಸೊಂಟವೂ ಹೋಗುತ್ತದೆ.

ಅಪ್ಪ ನನ್ನ ತೊಡೆಯ ಮೇಲಿದ್ದರು. ಬಟ್ಟೆ ಸುತ್ತಿದ ಬೂದಿಯ ಕುಡಿಕೆ, ಅದಕ್ಕೆ ಒರಗಿಸಿ ಅವರ ಹೆಸರು ಬರೆದ ಹಳದಿ ಕಾಗದ, ಎರಡೂ ಒಂದೇ ಚೀಲದಲ್ಲಿ. ಸುರಬಾಯದ ಬೂಟಿನ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಮೇಸ್ತ್ರಿಯಾಗಿದ್ದವರು, ಒಂದು ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ದಹನ ಅಲ್ಲೇ ಆಯಿತು. ಬೂದಿ ತರುವುದು ದೊಡ್ಡ ಕೆಲಸವಲ್ಲ, ಅದಕ್ಕೊಂದು ಸರ್ಕಾರಿ ಕಾಗದ ಇದ್ದರೆ ಸಾಕು. ಕಷ್ಟವಿರುವುದು ಆತ್ಮವನ್ನು ತರುವುದರಲ್ಲಿ.

ಪರದೇಶದಲ್ಲಿ ಸತ್ತವರಿಗೆ ದಾರಿ ತಿಳಿಯುವುದಿಲ್ಲ, ಹೆಜ್ಜೆ ಹೆಜ್ಜೆಗೂ ಕೂಗಿ ಹೇಳುತ್ತ ಕರೆತರಬೇಕು ಎಂದು ನಮ್ಮೂರಿನ ಪೂಜಾರಿ ಫೋನಿನಲ್ಲಿ ಅಣ್ಣನಿಗೆ ಪಾಠ ಮಾಡಿದ್ದ. ಬಾಗಿಲು ಬಂದರೆ ಬಾಗಿಲು ಎನ್ನಬೇಕು, ಮೆಟ್ಟಿಲು ಬಂದರೆ ಮೆಟ್ಟಿಲು. ಅದರಲ್ಲೂ ಸೇತುವೆ. ಹೇಳದಿದ್ದರೆ ಸತ್ತವರು ಸೇತುವೆ ದಾಟಲಾರರು, ಈಚೆಯೇ ನಿಂತುಬಿಡುತ್ತಾರೆ. ಎಲ್ಲಿಗೆ ಹೋಗುತ್ತಿದ್ದೇವೆ ಎಂದೂ ಹೇಳಬೇಕು. ಹೆಸರಿನ ಕಾಗದಕ್ಕೆ ಬಿಸಿಲು ತಾಗದಂತೆ ಕಪ್ಪು ಕೊಡೆ ಹಿಡಿಯಬೇಕು, ಚೀಲವನ್ನು ನೆಲಕ್ಕೆ ಇಡಬಾರದು, ನಾವು ಉಣ್ಣುವಾಗ ಅವರನ್ನೂ ಊಟಕ್ಕೆ ಕರೆಯಬೇಕು. ಇಷ್ಟನ್ನೂ ಮಾಡಬೇಕಾದವನು ಹಿರಿಮಗ. ಆದರೆ ಚೀಲ ಹೊತ್ತವಳು ನಾನು. ಕೊಡೆ ಹಗುರ ಅಂತ ಅಣ್ಣ ಅದನ್ನು ಇಟ್ಟುಕೊಂಡಿದ್ದ.

ನಾನು ಶ್ಯುಮಾನ್, ಮನೆಯ ಕಿರಿಮಗಳು. ಮದುವೆಯಾಗಿ ಮಕ್ಕಳು ದೊಡ್ಡವರಾಗಿದ್ದಾರೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡುವುದಿಲ್ಲ, ಹಾಗೆ ನಡೆದುಕೊಳ್ಳುತ್ತಾರೆ ಅಷ್ಟೆ. ಅಪ್ಪನ ಉತ್ತರಕ್ರಿಯೆಯ ತೀರ್ಮಾನ ಮಾಡಿದಾಗಲೂ ನನ್ನನ್ನು ಕೇಳಲಿಲ್ಲ. ಹೊರಗೆ ಸತ್ತವರು ಮನೆಯ ಹೊಸ್ತಿಲು ದಾಟಬಾರದು ಎಂದು ದೊಡ್ಡಪ್ಪ ಹೇಳಿದರು. ಮುಂದಿನ ತಿಂಗಳು ಅಣ್ಣನ ಮಗನ ಮದುವೆ. ಹೆಣ್ಣಿನ ಕಡೆಯವರು ಅಂಥ ಮನೆಗೆ ಮಗಳನ್ನು ಕಳಿಸಲು ಹಿಂದುಮುಂದು ನೋಡುತ್ತಾರೆ ಎಂದು ಅಣ್ಣ ಹೂಂ ಅಂದ. ಓಣಿಯ ಬಾಯಲ್ಲಿ ಒಂದು ಚಪ್ಪರ ಹಾಕುವುದು, ಅಲ್ಲೇ ಪೂಜೆ ಮುಗಿಸುವುದು, ಅಲ್ಲಿಂದಲೇ ಗುಡ್ಡದ ಮೇಲಿನ ಬೂದಿಮಂದಿರಕ್ಕೆ ಒಯ್ಯುವುದು ಎಂದಾಯಿತು. ಅಮ್ಮ ಏನೂ ಹೇಳಲಿಲ್ಲ. ದೊಡ್ಡಪ್ಪನ ಎದುರು ಅವಳು ಯಾವತ್ತೂ ಏನೂ ಹೇಳಿದವಳಲ್ಲ.

ಆ ಮನೆ ಕಟ್ಟಿಸಿದ್ದು ಅಪ್ಪನ ಸಂಬಳ. ಗೋಡೆಗೆ ಅಂಟಿಸಿದ ಹಸಿರು ಹೆಂಚನ್ನು ಅವರು ಸುರಬಾಯದಲ್ಲಿ ಕೂತು ಫೋಟೋ ನೋಡಿ ಆರಿಸಿದ್ದರು. ಚಾಂದ್ರಮಾನ ಹೊಸ ವರ್ಷಕ್ಕೆ ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. ಬಂದಾಗ ಚೀಲ ಇಳಿಸಿದ ಕೂಡಲೇ ಮುಂಬಾಗಿಲಿನ ಕೀಲುಗಳಿಗೆ ಎಣ್ಣೆ ಹಾಕುತ್ತಿದ್ದರು. ಕಬ್ಬಿಣದ ಬಾಗಿಲು, ಸಮುದ್ರದ ಗಾಳಿಗೆ ವರ್ಷಕ್ಕೊಮ್ಮೆ ತುಕ್ಕು ಹಿಡಿದು ಕಿರುಗುಟ್ಟುತ್ತಿತ್ತು. ಅವರು ಬಾರದ ವರ್ಷ ಅದು ಊರಿಗೆಲ್ಲ ಕೇಳುವಂತೆ ಕಿರುಗುಟ್ಟುತ್ತಿತ್ತು. ಅಮ್ಮ ಅದಕ್ಕೆ ಎಣ್ಣೆ ಹಾಕಲು ಯಾರನ್ನೂ ಬಿಡುತ್ತಿರಲಿಲ್ಲ. ಪ್ರತಿ ಚಳಿಗಾಲ ಫೋನಿನಲ್ಲಿ ಈ ವರ್ಷ ಬರ್ತೀರಾ ಎಂದು ಕೇಳುವಳು, ಆರ್ಡರ್ ಜಾಸ್ತಿ ಇದೆ ನೋಡೋಣ ಎಂದು ಅಪ್ಪ ಹೇಳುವರು.

ಇರಲಿ. ನಾನು ಹೇಳುತ್ತಿದ್ದದ್ದು ಆ ದಿಕ್ಕೆಟ್ಟ ಹಗಲಿನ ವಿಷಯ.

ಬಂದಿಳಿದ ಕೂಡಲೇ ಸಾಮಾನು ತಪಾಸಣೆಯ ಯಂತ್ರ ಎದುರಾಯಿತು. ಅಣ್ಣ ಬಗ್ಗಿ ಚೀಲದ ಹತ್ತಿರ ಬಾಯಿಟ್ಟು, "ಅಪ್ಪಾ, ಕತ್ತಲೆ ಪೆಟ್ಟಿಗೆಯೊಳಗೆ ಹೋಗಿ ಬರ್ಬೇಕು, ಹೆದರ್ಕೋಬೇಡಿ, ಆಚೆ ಕಡೆ ನಾವಿರ್ತೀವಿ," ಎಂದ. ಹಿಂದೆ ನಿಂತಿದ್ದ ಹುಡುಗಿ ಎರಡು ಹೆಜ್ಜೆ ದೂರ ಸರಿದಳು. ಅಣ್ಣನ ಕಿವಿ ಕೆಂಪಾಯಿತು. ಅವನಿಗೆ ನಾಲ್ಕು ಜನರೆದುರು ಗಟ್ಟಿ ಮಾತಾಡುವುದೆಂದರೆ ಪ್ರಾಣಸಂಕಟ. ಆಮೇಲೆ ಸಿಕ್ಕಿದ ಬಾಗಿಲು ಮೆಟ್ಟಿಲುಗಳಲ್ಲೆಲ್ಲ "ಅಪ್ಪಾ, ಬನ್ನಿ, ಬನ್ನಿ" ಎಂದು ಹಲ್ಲಿನ ಸಂದಿಯಲ್ಲೇ ಮುಗಿಸಿದ.

ಕುರ್ಚಿಗಳ ಸಾಲು ಸಿಕ್ಕಿತು. ಯಾರೂ ಮಲಗಬಾರದೆಂದು ಪ್ರತಿ ಕುರ್ಚಿಗೂ ಕಬ್ಬಿಣದ ತೋಳು. ಅದನ್ನು ಮಾಡಿಸಿದ ಪುಣ್ಯಾತ್ಮ ಜನ್ಮದಲ್ಲಿ ಒಮ್ಮೆಯೂ ಅದರಲ್ಲಿ ಕೂತಿರಲಾರ. ಅಣ್ಣ ಹಣ ಹಾಕಿದರೆ ಬೆನ್ನು ಒತ್ತುವ ಕುರ್ಚಿಯೊಂದನ್ನು ಹುಡುಕಿ, ಹಣ ಹಾಕದೆ ಅದರಲ್ಲಿ ಕೂತು ಗೊರಕೆ ಹೊಡೆಯತೊಡಗಿದ. ನಾನು ಎದುರಿನ ಸುಗಂಧದ ಅಂಗಡಿಯ ಹೆಂಗಸು ದಾರಿಹೋಕರ ಮುಂಗೈಗೆ ಅತ್ತರು ಚಿಮುಕಿಸುವುದನ್ನು ನೋಡಿದೆ. ಶಬ್ದವಿಲ್ಲದ ಟೀವಿಯಲ್ಲಿ ಯಾರೋ ಮೀನು ಕತ್ತರಿಸುವುದನ್ನು ನೋಡಿದೆ. ಗಡಿಯಾರ ನೋಡಿದೆ. ಮತ್ತೆ ಅತ್ತರಿನವಳನ್ನು ನೋಡಿದೆ. ತೊಡೆ ಜೋಮು ಹಿಡಿದು ಚೀಲವನ್ನು ಪಕ್ಕದ ಕುರ್ಚಿಗೆ ಸಾಗಿಸಿದ್ದೇ ತಡ, ದಪ್ಪ ಮನುಷ್ಯನೊಬ್ಬ ಬಂದು ಚೀಲ ತೆಗೆಯಲು ಹೇಳಿದ.

"ಜನ ಕೂತಿದ್ದಾರೆ," ಎಂದೆ.

ಅವನು ಚೀಲ ನೋಡಿದ, ನನ್ನನ್ನು ನೋಡಿದ, ಗೊಣಗುತ್ತ ಹೋದ. ಮೂತ್ರಕ್ಕೆ ಹೋಗಬೇಕೆಂದರೂ ಅಣ್ಣನನ್ನು ಎಬ್ಬಿಸಿ, ಅಪ್ಪಾ ಈಗ ಬಂದೆ ಎಂದು ಚೀಲಕ್ಕೂ ಹೇಳಿ ಹೋಗಬೇಕಿತ್ತು. ಗಂಟೆಗೊಮ್ಮೆ ಅಮ್ಮನ ಫೋನು. ಹೇಳ್ತಾ ಇದೀರಾ, ಬರ್ತಾ ಇದ್ದಾರಾ, ಏನಾದ್ರೂ ತಿನ್ನೋಕೆ ಕೊಟ್ರಾ. ಕೊಡ್ತಾ ಇದೀವಿ ಅಮ್ಮಾ ಎಂದು ನಾನು. ಮೀನುಂಡೆಯ ನೂಡಲ್ಸು ತಂದು ಅಪ್ಪನನ್ನು ಕರೆದು, ಅವರು ಉಣ್ಣಲೆಂದು ಕಾದು ಕೂತರೆ, ನಮ್ಮ ಪಾಲಿಗೆ ಬರುವ ಹೊತ್ತಿಗೆ ಅದು ತಣ್ಣಗಾಗಿ ಮುದ್ದೆಗಟ್ಟಿತ್ತು.

ಮಧ್ಯಾಹ್ನದ ಹೊತ್ತಿಗೆ ಅಣ್ಣನಿಗೆ ಅವನ ಗೆಳೆಯನೊಬ್ಬ ಫೋನಿನಲ್ಲಿ ಆಸೆ ಹತ್ತಿಸಿದ. ಆಚೆಯ ಕಟ್ಟಡದಲ್ಲಿ ಕಾಲು ಚಾಚಿ ಮಲಗುವ ಕುರ್ಚಿಗಳಿವೆಯಂತೆ, ಅದೂ ಬಿಟ್ಟಿ. ಹೊರಟೆವು. ದಾರಿಯುದ್ದಕ್ಕೂ ನಾನು ಟಿಕೆಟ್ಟಿನ ವಿಷಯ ಎತ್ತಿದೆ, ಅವನು ನನ್ನ ಗಂಡ ಒಂದು ಕಾಸೂ ಬಿಚ್ಚದ ವಿಷಯ ಎತ್ತಿದ. ಚೀಲ ಬದಲಿಸಿಕೋ ಎಂದೆ, ಕೊಡೆ ಯಾರು ಹಿಡಿಯಬೇಕು ಎಂದ. ಆ ಜಗಳದ ಭರದಲ್ಲಿ ಏರಿದ್ದೆಲ್ಲಿ, ಇಳಿದದ್ದೆಲ್ಲಿ, ಇಬ್ಬರಿಗೂ ಗಮನವಿರಲಿಲ್ಲ. ಕುರ್ಚಿಗಳು ನಿಜಕ್ಕೂ ಇದ್ದವು. ಅಪ್ಪನನ್ನು ಹೊಟ್ಟೆಯ ಮೇಲಿಟ್ಟುಕೊಂಡು ನಾನು ಕಾಲು ಚಾಚಿದೆ. ಕಣ್ಣು ಮುಚ್ಚುವಷ್ಟರಲ್ಲಿ ಅಮ್ಮನ ಫೋನು.

ಎಲ್ಲಿದ್ದೀರಿ ಎಂದಳು. ಒಳ್ಳೆಯ ಕುರ್ಚಿ ಸಿಕ್ಕಿತು, ಗಾಜಿನ ಸೇತುವೆ ದಾಟಿ ಈಚೆ ಬಂದೆವು ಎಂದೆ.

"ಸೇತುವೆನಾ?" ಎಂದಳು ಅಮ್ಮ. "ಅವ್ರಿಗೆ ಹೇಳಿದ್ರಾ?"

ನಾನು ಅಣ್ಣನ ಮುಖ ನೋಡಿದೆ. ಅವನು ನನ್ನ ಮುಖ ನೋಡಿದ. ಅಣ್ಣ ಫೋನು ಕಿತ್ತುಕೊಂಡು ವಾದಕ್ಕಿಳಿದ. ಅದು ಸೇತುವೆಯೇ ಅಲ್ಲ, ಕೆಳಗೆ ನೀರಿಲ್ಲ, ವಿಮಾನಗಳು ಓಡಾಡುತ್ತವೆ, ಎರಡು ಕಟ್ಟಡದ ನಡುವಿನ ಪಡಸಾಲೆ ಎಂದುಕೊಳ್ಳಬೇಕು ಎಂದೆಲ್ಲ ಹೇಳಿದ.

"ಕೆಳಗೆ ಏನೋ ಹೋಗ್ತಿದ್ರೆ ಮೇಲಿರೋದು ಸೇತುವೆ ಅಲ್ದೆ ಇನ್ನೇನೋ? ಹೋಗಿ ಕರ್ಕೊಂಡ್ ಬನ್ನಿ," ಎಂದು ಅಮ್ಮ ಫೋನಿಟ್ಟಳು.

ಹಾಗೆ ಅಪ್ಪನನ್ನು ಹೊತ್ತುಕೊಂಡೇ ಅಪ್ಪನನ್ನು ಹುಡುಕಲು ಹೊರಟೆವು. ಸೇತುವೆ ಮರಳಿ ದಾಟಿ ಮೊದಲಿನ ಕಟ್ಟಡದ ತುದಿಗೆ ಬಂದು, ಅಣ್ಣ ಅತ್ತಿತ್ತ ನೋಡಿ, "ಅಪ್ಪಾ, ಸೇತುವೆ, ಬನ್ನಿ," ಎಂದು ಪಿಸುಗುಟ್ಟಿದ. ಬಂದರೋ ಇಲ್ಲವೋ ಹೇಗೆ ತಿಳಿಯುವುದು? ಕೇಳಲು ನಮ್ಮಲ್ಲಿ ಒಂದೇ ದಾರಿ. ಅಣ್ಣ ಜೇಬಿನಿಂದ ಎರಡು ನಾಣ್ಯ ತೆಗೆದ. ಒಂದರಲ್ಲಿ ತಲೆಯ ಚಿತ್ರ, ಇನ್ನೊಂದರಲ್ಲಿ ಅಂಕಿ ಮೇಲೆ ಬಿದ್ದರೆ ಸತ್ತವರು ಹೌದೆಂದಂತೆ. ಎರಡೂ ತಲೆಯಾದರೆ ನಗುತ್ತಿದ್ದಾರೆ, ಎರಡೂ ಅಂಕಿಯಾದರೆ ಒಪ್ಪಿಲ್ಲ. ಗಿಡದ ಕುಂಡದ ಮರೆಯಲ್ಲಿ ಮಂಡಿಯೂರಿ, ಅಪ್ಪಾ ನಮ್ಜೊತೆ ಬರ್ತೀರಾ ಎಂದು ಎಸೆದ.

ಎರಡೂ ಅಂಕಿ. ಮತ್ತೆ ಎಸೆದ. ಎರಡೂ ಅಂಕಿ.

ರತ್ನಗಂಬಳಿಯ ಮೇಲೆ ನಾಣ್ಯ ಸರಿಯಾಗಿ ಹೊರಳುವುದಿಲ್ಲ, ಇದು ಲೆಕ್ಕಕ್ಕಿಲ್ಲ ಎಂದ ಅಣ್ಣ. ಗಟ್ಟಿ ನೆಲವಿರುವುದು ಪಾಯಿಖಾನೆಯ ಮುಂದೆ ಮಾತ್ರ, ಅಪ್ಪನನ್ನು ಅಲ್ಲಿಗೆ ಕರೆಯುವಷ್ಟು ನಾನಿನ್ನೂ ಕೆಟ್ಟಿರಲಿಲ್ಲ. ಸತ್ತವರು ಒಪ್ಪದಿದ್ದರೆ ಏನೋ ಬೇಕಾಗಿದೆ ಎಂದರ್ಥ. ಅದನ್ನು ಊಹಿಸಿ ಒಂದೊಂದಾಗಿ ಕೇಳುತ್ತ ಹೋಗಬೇಕು. ಸಿಗರೇಟು ಬೇಕಾ? ಎರಡೂ ಅಂಕಿ. ಕಾಫಿ? ಎರಡೂ ತಲೆ, ನಕ್ಕರು. ತಣ್ಣಗಿನ ನೂಡಲ್ಸಿಗೆ ಕೋಪವಾ? ನಕ್ಕರು. ಸುರಬಾಯದಲ್ಲಿ ಏನಾದರೂ ಬಿಟ್ಟು ಬಂದೆವಾ? ಅಂಕಿ. ನನ್ನ ಮಂಡಿ ನೋಯುತ್ತಿತ್ತು, ಅಳು ಬರುವಂತಿತ್ತು, ಅಳುವುದಕ್ಕೂ ನಾಚಿಕೆಯಾಗುತ್ತಿತ್ತು. ಬದುಕಿದ್ದಾಗಲೂ ಈ ಮನುಷ್ಯ ಹೀಗೆಯೇ. ಬೇಕಾದ್ದೇನೆಂದು ಒಂದು ದಿನ ಬಾಯಿಬಿಟ್ಟು ಹೇಳಲಿಲ್ಲ, ನಾವೇ ಊಹಿಸಬೇಕಿತ್ತು.

ಕಾವಲುಗಾರನೊಬ್ಬ ಬಂದು ಏನು ಕಳೆದುಹೋಯಿತೆಂದು ಮರ್ಯಾದೆಯಿಂದ ಕೇಳಿದ. ನನ್ನ ಬಾಯಿಂದ ಅಪ್ಪ ಎಂದು ಬಂದುಬಿಟ್ಟಿತು. ಅವನು ಕೂಡಲೇ ವೈರ್‌ಲೆಸ್ಸು ತೆಗೆದು, ವಯಸ್ಸೆಷ್ಟು, ಯಾವ ಬಣ್ಣದ ಅಂಗಿ ಎಂದು ವಿಚಾರಿಸಿದ. ಅಣ್ಣ ಸುಮ್ಮನೆ ಚೀಲದ ಕಡೆ ಕೈ ತೋರಿಸಿದ. ಕಾವಲುಗಾರ ಹಳದಿ ಕಾಗದ ಕಂಡು ವೈರ್‌ಲೆಸ್ಸು ಕೆಳಗಿಳಿಸಿದ, ಚೀಲಕ್ಕೊಂದು ತಲೆ ಬಾಗಿಸಿ, ನಿಧಾನವಾಗಿ ಹುಡುಕಿ ಎಂದು ಹೋದ. ಆಮೇಲೆ ಯಾರೂ ನಮ್ಮನ್ನು ಕೆಣಕಲಿಲ್ಲ.

ಅಣ್ಣ ಬೆವರು ಒರೆಸಿಕೊಂಡು ಮತ್ತೆ ಶುರುಮಾಡಿದ. ಅಪ್ಪಾ, ಬನ್ನಿ. ಅಪ್ಪಾ, ನಮ್ಜೊತೆ ಬನ್ನಿ. ಅದನ್ನೇ ಕೇಳುತ್ತ ಕೂತವಳಿಗೆ ಆಗ ಹೊಳೆಯಿತು. ಸುರಬಾಯದ ಕೋಣೆಯ ಬಾಗಿಲಿನಿಂದ ಇಲ್ಲಿಯವರೆಗೆ ಇವನು ಬನ್ನಿ ಎಂದನೇ ಹೊರತು ಎಲ್ಲಿಗೆ ಎಂದು ಒಮ್ಮೆಯೂ ಹೇಳಿರಲಿಲ್ಲ. ಮನೆಗೆ ಹೋಗೋಣ ಎಂದು ಕರೆಯಬೇಕೆಂದು ಪೂಜಾರಿ ಒತ್ತಿ ಹೇಳಿದ್ದು ನನಗೂ ಕೇಳಿತ್ತು.

"ಮನೆಗೆ ಅಂತ ಯಾಕೆ ಹೇಳ್ತಿಲ್ಲ ನೀನು?" ಎಂದೆ.

ಅವನು ನಾಣ್ಯಗಳನ್ನು ಉಜ್ಜುತ್ತ ಕೂತ. "ಸತ್ತವರಿಗೆ ಸುಳ್ಳು ಹೇಳ್ಬಾರ್ದು ಕಣೆ," ಎಂದ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವನ ಕೈಯಿಂದ ನಾಣ್ಯ ಕಿತ್ತುಕೊಂಡೆ. ಹೆಣ್ಣುಮಗಳು ಎಸೆಯುವಂತಿಲ್ಲ ಎಂದ. ಹಾಗಾದರೆ ಹೆಣ್ಣುಮಗಳು ಹೊರುವಂತೆಯೂ ಇಲ್ಲ, ತಗೋ ಎಂದು ಚೀಲವನ್ನು ಅವನ ತೋಳಿಗೆ ಹೇರಿದೆ. ಅಪ್ಪನಿಗೆ ಎದುರಾಗಿ ಕೂತು, ಪಿಸುಗುಟ್ಟದೆ ಕೇಳಿದೆ.

"ಅಪ್ಪಾ, ನಿಮ್ಮನ್ನ ಮನೆಯೊಳಗೆ ಕರ್ಕೊಂಡ್ ಹೋಗಲ್ಲ ಅಂತ ಬರ್ತಿಲ್ವಾ ನೀವು?"

ಒಂದು ತಲೆ, ಒಂದು ಅಂಕಿ.

ಮೂರು ಸಲ ಬೀಳಬೇಕು ಎಂದು ಅಣ್ಣ ತೊದಲಿದ. ಎರಡನೆಯ ಸಲವೂ ಹೌದು. ಮೂರನೆಯ ಸಲ ಒಂದು ನಾಣ್ಯ ಉರುಳಿ ಹೋಗಿ ಅಣ್ಣನ ಬೂಟಿಗೆ ತಾಗಿ ಮಗುಚಿತು. ನನ್ನ ಮುಂದಿದ್ದದ್ದು ತಲೆ. ಅಣ್ಣ ಬಗ್ಗಿ ತನ್ನ ಬೂಟಿನ ಬಳಿಯದನ್ನು ನೋಡಿದ. ಏನು ಎಂದೆ. ಅಂಕಿ ಎಂದ.

ಆ ಬೂಟು ಅಪ್ಪ ಕಾರ್ಖಾನೆಯಿಂದ ಕಳಿಸಿದ್ದು. ಅವನಿಗೂ ಅದು ನೆನಪಾಗಿರಬೇಕು, ಕಾಲನ್ನು ಹಿಂದಕ್ಕೆಳೆದುಕೊಂಡ. ಆದರೂ ಬಿಟ್ಟುಕೊಡಲಿಲ್ಲ. ಚಪ್ಪರ ಆಗಲೇ ಎದ್ದಿದೆ, ದೊಡ್ಡಪ್ಪನಿಗೆ ಮುಖ ತೋರಿಸುವುದು ಹೇಗೆ, ಹೆಣ್ಣಿನ ತಂದೆ ಮೊದಲೇ ಅನುಮಾನದ ಮನುಷ್ಯ, ಹುಡುಗನ ಬಾಳು ಹಾಳಾದರೆ ನೀನು ಬಂದು ಕಟ್ಟಿಕೊಡುತ್ತೀಯಾ ಎಂದ. ಅವನ ಮಾತು ಪೂರಾ ತಪ್ಪೆಂದು ನಾನು ಹೇಳಲಾರೆ. ಸಾಯುವವರು ಸತ್ತುಹೋಗುತ್ತಾರೆ, ಊರಿನಲ್ಲಿ ಬಾಳಬೇಕಾದವರು ಉಳಿದವರೇ. ಆದರೆ ಮೊಮ್ಮಗನ ಮದುವೆಗೆ ಹಸಿರು ಹೆಂಚಿನ ಹಿನ್ನೆಲೆ ಬೇಕು, ಹೆಂಚು ಹಾಕಿಸಿದವರು ಓಣಿಯ ಬಾಯಲ್ಲಿ ಚಪ್ಪರದಡಿ ನಿಲ್ಲಬೇಕು ಎಂದರೆ ಯಾವ ನ್ಯಾಯ? ಹಾಗೆಂದೇ ಹೇಳಿ ಅಮ್ಮನಿಗೆ ಫೋನು ಮಾಡಿದೆ. ಅಣ್ಣ ನನ್ನ ಮುಂಗೈ ಹಿಡಿದ, ಆಮೇಲೆ ಬಿಟ್ಟ.

ನಡೆದದ್ದನ್ನೆಲ್ಲ ಹೇಳಿದೆ. ಏನು ಕೇಳಿದೆ, ನಾಣ್ಯ ಹೇಗೆ ಬಿತ್ತು, ಎಲ್ಲ.

"ಫೋನನ್ನ ಅವ್ರ ಹತ್ರ ಇಡು," ಎಂದಳು ಅಮ್ಮ.

ದನಿ ಜೋರು ಮಾಡಿ ಚೀಲದೊಳಗೆ, ಕುಡಿಕೆಯ ಪಕ್ಕ ಇಟ್ಟೆ. ನಾವಿಬ್ಬರೂ ತಲೆ ಬಗ್ಗಿಸಿ ಕಿವಿಗೊಟ್ಟೆವು. ಅಮ್ಮ ನೆಲದ ಮೇಲೆ ಚಪ್ಪಲಿ ಎಳೆದುಕೊಂಡು ನಡೆಯುವ ಸದ್ದು, ಕುರ್ಚಿಯೊಂದನ್ನು ದಾರಿಯಿಂದ ಸರಿಸಿದ ಸದ್ದು. ಆಮೇಲೆ ಚಿಲಕ ತೆಗೆದಳು. ಮುಂಬಾಗಿಲು ಕಿರುಗುಟ್ಟಿತು. ಎಣ್ಣೆ ಕಾಣದ ಕೀಲು, ಅಪ್ಪ ಬಾರದ ವರ್ಷಗಳಲ್ಲಿ ಕೇಳುತ್ತಿದ್ದ ಅದೇ ಉದ್ದದ ಕೂಗು, ಗೋಡೆಗೆ ಬಡಿಯುವವರೆಗೂ ಕೂಗಿತು. ಅಣ್ಣ ಕಣ್ಣು ಮುಚ್ಚಿಕೊಂಡ.

"ರೀ, ಕೇಳಿಸ್ತಾ?" ಎಂದಳು ಅಮ್ಮ. "ಬಾಗಿಲು ತೆಗೆದಿದ್ದೀನಿ. ನೀವು ಒಳಗೆ ಬರೋವರೆಗೂ ಮುಚ್ಚಲ್ಲ. ಭಾವ ಬಂದ್ರೆ ನಾನು ಮಾತಾಡ್ತೀನಿ."

ಓಣಿಯಲ್ಲಿ ಯಾವುದೋ ಸ್ಕೂಟರ್ ಹೋದದ್ದು ಕೇಳಿತು. ಅಲ್ಲಿ ನಿಜಕ್ಕೂ ಬಾಗಿಲು ತೆರೆದಿತ್ತು. ಇಪ್ಪತ್ತು ವರ್ಷ ಅವಳು ದೊಡ್ಡಪ್ಪನ ಎದುರು ತಲೆ ತಗ್ಗಿಸಿ ನಿಂತದ್ದನ್ನು ಕಂಡವಳು ನಾನು. ಈ ದನಿ ನನಗೆ ಗೊತ್ತಿರಲಿಲ್ಲ.

ಅಣ್ಣ ಮೂಗು ಒರೆಸಿಕೊಂಡು ನಾಣ್ಯ ಎತ್ತಿಕೊಂಡ. ಈಗ ಬರ್ತಾರಾ ಕೇಳಿ ನೋಡ್ತೀನಮ್ಮಾ ಎಂದು ಚೀಲದೊಳಗೆ ಬಗ್ಗಿ ಹೇಳಿದ.

"ಬೇಡ," ಎಂದಳು ಅಮ್ಮ. "ಬರ್ತೀರಾ, ಬರ್ತೀರಾ ಅಂತ ಎಷ್ಟು ವರ್ಷ ಕೇಳ್ದೆ. ಇನ್ನು ಕೇಳೋದಿಲ್ಲ. ಕರ್ಕೊಂಡ್ ಬನ್ನಿ."

ಅಣ್ಣ ನಾಣ್ಯಗಳನ್ನು ಜೇಬಿಗೆ ಹಾಕಿಕೊಂಡ. ಬೀಗರಿಗೆ ತಾನೇ ಹೇಳುತ್ತೇನೆ, ಆಗದಿದ್ದರೆ ಮದುವೆ ಮುಂದಕ್ಕೆ ಹೋಗಲಿ ಎಂದು ನನಗೆ ಹೇಳಿದನೋ ತನಗೇ ಹೇಳಿಕೊಂಡನೋ ತಿಳಿಯಲಿಲ್ಲ. ಚೀಲವನ್ನು ನನಗೆ ಕೊಡಲಿಲ್ಲ. ಎದೆಗೆ ಒತ್ತಿಕೊಂಡು ಎದ್ದ, ಕೊಡೆಯನ್ನು ನನ್ನ ಕೈಗೆ ಕೊಟ್ಟ. ಗಾಜಿನ ಸೇತುವೆಯ ಮೇಲೆ ಸಂಜೆಯ ಬಿಸಿಲು ಓರೆಯಾಗಿ ಬಿದ್ದಿತ್ತು. ನಾನು ಕೊಡೆ ಬಿಚ್ಚಿದೆ. ಬಿಚ್ಚಿದ ಸದ್ದಿಗೆ ನಾಲ್ಕು ಜನ ತಿರುಗಿ ನೋಡಿದರು.

ಅಣ್ಣ ಅವರನ್ನು ನೋಡಲಿಲ್ಲ. ಸೇತುವೆಯ ಮೊದಲ ಹೆಜ್ಜೆಯಲ್ಲಿ ನಿಂತು, ಗದ್ದೆಯ ಆಚೆ ಬದಿಯವರನ್ನು ಕರೆಯುವ ಹಾಗೆ ಕೂಗಿದ.

"ಅಪ್ಪಾ, ಸೇತುವೆ ಬಂತು. ದಾಟಿ ಬನ್ನಿ. ಮನೆಗೆ ಹೋಗೋಣ."

ನಮ್ಮ ಕಾಲಡಿಯಲ್ಲಿ ದೊಡ್ಡ ವಿಮಾನವೊಂದು ಮೆಲ್ಲಗೆ ಸರಿದು ಹೋಗುತ್ತಿತ್ತು. ಚೀಲದೊಳಗಿನ ಫೋನನ್ನು ಆರಿಸಲು ಯಾರಿಗೂ ನೆನಪಾಗಿರಲಿಲ್ಲ. ನಾವು ದಾಟುವಷ್ಟು ಹೊತ್ತೂ, ಊರಿನಲ್ಲಿ ಗಾಳಿಗೆ ಆ ಬಾಗಿಲು ಆಗಾಗ ಕಿರುಗುಟ್ಟುವುದು ಅಣ್ಣನ ಎದೆಯ ಬಳಿಯಿಂದ ಕೇಳುತ್ತಲೇ ಇತ್ತು.